ರಾಜಧಾನಿಗೊಂದು ಒಣ ಜಾಗ

ಅಂದಿನ ಅಷ್ಟೂ ರಂಪಕ್ಕೆ ಮೂಲ ಒಂದು ಬಿಸ್ಕತ್ತು. ಇಡೀ ಬಿಸ್ಕತ್ತೂ ಅಲ್ಲ, ಅದರ ಒಂದು ಚೂರು.

ಹಾಗೆ ನೋಡಿದರೆ ರಸಮಟ್ಟ ಅಂದು ಬೆಳಿಗ್ಗೆ ಮನೆಯಿಂದ ಹೊರಟದ್ದೇ ಬಾಯಿಗೆ ಬೀಗ ಜಡಿದುಕೊಂಡು. ರಸಮಟ್ಟ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಆಫೀಸಿನವರ ಕೊಡುಗೆ. ನೆಲ ಸಮವಾಗಿದೆಯೇ ಎಂದು ನೋಡಲು ಗಾರೆಯವರು ಇಡುತ್ತಾರಲ್ಲ, ಗಾಜಿನೊಳಗೆ ಗುಳ್ಳೆ ಓಡಾಡುವ ಪಟ್ಟಿ, ಆ ರಸಮಟ್ಟ ಅವನ ಚೀಲದಲ್ಲಿ ಸದಾ ಇರುತ್ತಿತ್ತು. ಯಾರ ಮನೆಗೆ ಹೋದರೂ ‘ಚೆನ್ನಾಗಿದ್ದೀರಾ’ ಎನ್ನುವ ಮೊದಲೇ ‘ನಿಮ್ಮ ಮೇಜು ವಾಲಿದೆ’ ಎನ್ನುವ ಆಸಾಮಿ. ಇಂಥವನನ್ನು ಯಾರೂ ಎರಡನೇ ಸಲ ಮನೆಗೆ ಕರೆಯುವುದಿಲ್ಲ; ಆಫೀಸಿನಲ್ಲಿ ಬಡ್ತಿಗಂತೂ ಮೊದಲನೇ ಸಲವೂ ಕರೆಯುವುದಿಲ್ಲ.

ಹೊಸ ರಾಜಧಾನಿಗೆ ಜಾಗ ಹುಡುಕುವ ಸಮಿತಿಯಲ್ಲಿ ಅವನೊಬ್ಬ ಕಿರಿಯ ಇಂಜಿನಿಯರ್. ಹಳೆಯ ರಾಜಧಾನಿ ಕಿಕ್ಕಿರಿದು, ಮಂತ್ರಿಗಳ ಕಾರು ನಿಲ್ಲಿಸುವುದಕ್ಕೂ ತತ್ವಾರವಾದಾಗ ಹುಟ್ಟಿದ ಸಮಿತಿ ಅದು. ರಸಮಟ್ಟನಿದ್ದ ಸಣ್ಣ ಊರಿನ ಹಳೆಯ ಗೋದಾಮೊಂದಕ್ಕೆ ಸುಣ್ಣ ಬಳಿದು ಅಲ್ಲಿಯೇ ಕಚೇರಿ ಮಾಡಿಕೊಂಡಿದ್ದರು. ಆಯ್ಕೆಗೆ ಇದ್ದದ್ದು ಎರಡು ಜಾಗ. ಊರಿನ ಒಂದು ಕಡೆ ನದಿಬಯಲು: ಹಸಿರು, ತಂಗಾಳಿ, ಬಹುಪಾಲು ಸರ್ಕಾರದ್ದೇ ಜಮೀನು, ನೋಡಿದರೆ ಅಲ್ಲೇ ಚಾಪೆ ಹಾಸಿ ಮಲಗೋಣ ಅನ್ನಿಸುವಂಥದು. ಇನ್ನೊಂದು ಕಡೆ ಬೋಳುಗುಡ್ಡ: ಬರೀ ಬಂಡೆ, ಸಿಡಿಮದ್ದಿಲ್ಲದೆ ಒಂದು ಗೂಟ ನೆಡುವಂತಿಲ್ಲ, ಕುಡಿಯುವ ನೀರನ್ನೂ ಕೆಳಗಿನಿಂದ ಎತ್ತಬೇಕು. ಗುಡ್ಡದ ಖರ್ಚಿನ ಅಂದಾಜು ಓದಿದಾಗ ಹಣಕಾಸಿನ ಮೇಡಂ ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, ಮತ್ತೆ ತೆಗೆದಿಟ್ಟಿದ್ದರು.

ಮುಖ್ಯ ಇಂಜಿನಿಯರರಿಗೆ ನದಿಬಯಲೇ ಬೇಕು. ಅದರ ಮಾದರಿಯನ್ನು ಅವರು ಸ್ವಂತ ಕೈಯಿಂದ ಥರ್ಮೊಕೋಲಿನಲ್ಲಿ ಮಾಡಿದ್ದರು. ಗುಮ್ಮಟದ ವಿಧಾನಸಭೆ, ಕಾರಂಜಿ, ಬೆಂಕಿಕಡ್ಡಿಯ ದೀಪದ ಕಂಬಗಳು. ಮದುವೆಯ ಮನೆಯಲ್ಲಿ ಹಸುಗೂಸು ಹಿಡಿದುಕೊಂಡವರ ಹಾಗೆ ಅದನ್ನು ಎದೆಗವಚಿಕೊಂಡೇ ತಿರುಗುತ್ತಿದ್ದರು. ನದಿಬಯಲು ಮುಳುಗುತ್ತದೆ ಎಂದು ರಸಮಟ್ಟ ಹೇಳಿದಾಗಲೆಲ್ಲ ಅವರದು ಒಂದೇ ಉತ್ತರ: “ಮುಳುಗಿದಾಗ ನೋಡ್ಕೊಳ್ಳೋಣ. ಸಭೇಲಿ ಮಾತ್ರ ಬಾಯಿ ಬಿಡಬೇಡಿ.”

ಮನೆಯಲ್ಲಿ ಹೆಂಡತಿಯದೂ ಅದೇ ಮಾತು, ಕಾರಣ ಬೇರೆ. ಅವಳ ತಮ್ಮ ನದಿಬಯಲಿನ ಅಂಚಿನಲ್ಲಿ ಒಂದಷ್ಟು ನೆಲ ಕೊಂಡು ಕಲ್ಲು ನೆಡಿಸುತ್ತಿದ್ದ. “ರೀ, ನನ್ನ ತಮ್ಮ ಜೀವಮಾನದಲ್ಲಿ ಒಂದು ಕೆಲಸ ಸರಿಯಾಗಿ ಮಾಡಿದ್ದಾನೆ. ನೀವು ಹೋಗಿ ಅದಕ್ಕೆ ನೀರು ಬಿಡಬೇಡಿ” ಎಂದು ಅವಳು ಬುತ್ತಿ ಕೊಡುತ್ತಾ ಹೇಳಿದ್ದಳು.

“ನೀರು ನಾನು ಬಿಡೋದಲ್ವೇ, ಅದೇ ಬರೋದು.”

“ಬಂದ್ರೆ ಬರ್ಲಿ. ಬರತ್ತೆ ಅಂತ ನೀವು ಹೇಳ್ಬೇಡಿ.”

ಕಾಂಪೌಂಡು ಗೋಡೆಯ ಆಚೆಯಿಂದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕತ್ತು ಚಾಚಿದ್ದರು. ಬೀದಿಯಲ್ಲಿ ಯಾರ ಮನೆಯಲ್ಲಿ ಸಾರು ಉಕ್ಕಿದರೂ ಒಲೆ ಆರಿಸುವವರು ಅವರೇ. “ಏನು ಇಂಜಿನಿಯರ್ರೇ, ರಾಜಧಾನಿ ಎಲ್ಲಿ ಅಂತ ಇವತ್ತಾದ್ರೂ ಗೊತ್ತಾಗತ್ತಾ? ನಮ್ಮ ಬೀದಿಯೋರೆಲ್ಲ ಕಾಯ್ತಾ ಇದ್ದಾರೆ. ಒಂದು ಸುಳಿವು ಕೊಡಿ, ಯಾರಿಗೂ ಹೇಳಲ್ಲ.”

ರಸಮಟ್ಟ ತುಟಿ ಬಿಗಿದು ಸೈಕಲ್ ಹತ್ತಿದ. “ಹೇಳಲ್ಲ ಅಂದ್ರೆ ಗುಡ್ಡ” ಎಂದು ಮೇಷ್ಟ್ರು ಎದುರುಮನೆಗೆ ಕೂಗಿ ಹೇಳಿದ್ದು ಅವನ ಬೆನ್ನಿಗೆ ಕೇಳಿಸಿತು.

ಸಭೆ ನಯವಾಗಿಯೇ ನಡೆಯುತ್ತಿತ್ತು. ರಾಜಧಾನಿಯ ಮಂತ್ರಿಗಳು ಸ್ವತಃ ಬಂದಿದ್ದರು. ರಸಮಟ್ಟ ಮೇಜಿನ ಕಟ್ಟಕಡೆಯ ಕುರ್ಚಿಯಲ್ಲಿ ಕೂತು, ಬಾಯಿಗೆ ಏನಾದರೂ ಕೆಲಸ ಇರಲಿ ಎಂದು ಬಿಸ್ಕತ್ತಿನ ಮೇಲೆ ಬಿಸ್ಕತ್ತು ಕಡಿಯುತ್ತಿದ್ದ. ಮಂತ್ರಿಗಳು ಕೈಗಡಿಯಾರ ನೋಡಿಕೊಂಡು ಕೇಳಿದರು: “ಹಾಗಾದ್ರೆ ನದಿಬಯಲೇ ಅಂತ ತೀರ್ಮಾನ. ಯಾರದ್ದಾದ್ರೂ ತಕರಾರಿದೆಯಾ?”

ಅದೇ ಗಳಿಗೆಗೆ ಬಿಸ್ಕತ್ತಿನ ಚೂರೊಂದು ಗಂಟಲಲ್ಲಿ ಅಡ್ಡದಾರಿ ಹಿಡಿಯಿತು. ರಸಮಟ್ಟನ ಕಣ್ಣುಗುಡ್ಡೆಗಳು ಹೊರಗೆ ಬಂದವು, ಮುಖ ಬದನೆಕಾಯಿಯಾಯಿತು. ಎದ್ದು ನಿಂತು ಮೇಜಿನ ನಡುವಿದ್ದ ಹೂಜಿಯ ಕಡೆ ಕೈ ಚಾಚಿ, “ನೀರು! ನೀರು!” ಎಂದು ಕಿರುಚಿದ.

ಹೂಜಿಯ ಹಿಂದೆಯೇ ಥರ್ಮೊಕೋಲಿನ ರಾಜಧಾನಿ ಇತ್ತು. ಚಾಚಿದ ಬೆರಳು ನೆಟ್ಟಗೆ ವಿಧಾನಸಭೆಯನ್ನು ತೋರಿಸುತ್ತಿತ್ತು.

“ನೀರಾ? ಅಲ್ಲಿ ನೀರು ಬರತ್ತಾ?” ಮಂತ್ರಿಗಳು ಕುರ್ಚಿಯಿಂದ ಅರ್ಧ ಎದ್ದರು. ರಸಮಟ್ಟನ ಕಣ್ಣಿನಿಂದ ಬಳಬಳ ನೀರು ಸುರಿಯುತ್ತಿತ್ತು. ಅದನ್ನು ಕಂಡು ಅವರ ದನಿಯೇ ಬದಲಾಯಿತು. “ನೋಡ್ರೀ, ಅಳ್ತಾ ಇದ್ದಾರೆ! ನಾಡಿನ ಬಗ್ಗೆ ಇಷ್ಟು ಕಳಕಳಿ ಇರೋ ಅಧಿಕಾರೀನ ನಾನು ಈವರೆಗೆ ಕಂಡಿಲ್ಲ. ಹೇಳಿ, ಹೆದರಬೇಡಿ.”

ಯಾರೋ ಲೋಟ ಕೊಟ್ಟರು. ಅವನು ಕುಡಿದು ಸುಧಾರಿಸಿಕೊಳ್ಳುವಷ್ಟರಲ್ಲಿ ಮಾತು ಕೈಮೀರಿ ಹೋಗಿತ್ತು. ಹಣಕಾಸಿನ ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. “ಪ್ರವಾಹ ಬರತ್ತೆ ಅಂತ ನಮ್ಮ ಅಂದಾಜಲ್ಲಿ ಎಲ್ಲೂ ಇಲ್ಲವಲ್ಲ. ಬರತ್ತೋ ಇಲ್ವೋ?”

ಸುಳ್ಳು ಹೇಳಬೇಕು ಎಂದೇ ರಸಮಟ್ಟ ಬಾಯಿ ತೆರೆದ. ಆದರೆ ವಾಲಿದ ಮೇಜನ್ನೇ ಸಹಿಸದ ನಾಲಿಗೆ ವಾಲಿದ ಮಾತನ್ನು ಎಲ್ಲಿಂದ ಆಡೀತು?

“ಬರತ್ತೆ ಮೇಡಂ. ಇಲ್ಲಿ ಒಂದು ಹನಿ ಮಳೆ ಇಲ್ದಿದ್ರೂ ಬರತ್ತೆ. ಮೇಲ್ಗಡೆ ಬೆಟ್ಟಸಾಲಲ್ಲಿ ಸುರಿದ್ರೆ ಸಾಕು. ಅಲ್ಲಿ ಕಟ್ಟಬೇಕಂದ್ರೆ ಉದ್ದಕ್ಕೂ ಏರಿ ಹಾಕ್ಬೇಕು. ಮಣ್ಣು ಬರೀ ಮೆಕ್ಕಲು, ಗಟ್ಟಿ ನೆಲ ಸಿಗೋ ತನಕ ಪಾಯದ ಕಂಬ ಇಳಿಸ್ಬೇಕು. ಅದನ್ನೆಲ್ಲ ಸೇರಿಸಿದ್ರೆ...”

“ಸೇರಿಸಿದ್ರೆ?”

“ಗುಡ್ಡಾನೇ ಅಗ್ಗ.”

ಮೇಡಂ ಕೈಯಿಂದ ಪೆನ್ನು ಜಾರಿತು. ಮುಖ್ಯ ಇಂಜಿನಿಯರರು ರಸಮಟ್ಟನ ಕಡೆ ನೋಡಿದ ನೋಟಕ್ಕೆ ಮಳೆಗಾಲದ ಹಸಿ ಸೌದೆಯೂ ಹೊತ್ತಿಕೊಳ್ಳಬೇಕಿತ್ತು. “ಸರ್, ಇವರಿಗೆ ಬಚ್ಚಲಲ್ಲಿ ನೀರು ನಿಂತ್ರೂ ಪ್ರವಾಹವೇ. ಬನ್ನಿ, ಈಗಲೇ ಹೋಗೋಣ. ಕಣ್ಣಾರೆ ನೋಡಿ. ಬಯಲು ಅಂಗೈ ಥರಾ ಒಣಗಿದೆ.”

ವ್ಯಾನು ಹೊರಟಿತು. ಮಂತ್ರಿಗಳು ಮುಂದೆ, ಮೇಡಂ ನಡುವೆ, ಮುಖ್ಯ ಇಂಜಿನಿಯರರೂ ಅವರ ತೊಡೆಯ ಮೇಲಿನ ರಾಜಧಾನಿಯೂ ಹಿಂದೆ. ರಸಮಟ್ಟನಿಗೆ ಸಿಕ್ಕಿದ್ದು ಹೆಚ್ಚುವರಿ ಚಕ್ರದ ಮೇಲಿನ ಜಾಗ. ಪ್ರತಿ ಗುಂಡಿಗೂ ಅವನ ತಲೆ ಚಾವಣಿಗೆ ಬಡಿಯುತ್ತಿತ್ತು. ಅವನು ಒಂದೊಂದು ಗುಂಡಿಗೂ ಒಂದೊಂದು ಬಿಸ್ಕತ್ತು ಕಂಪನಿಯನ್ನು ಶಪಿಸಿದ.

ಬಯಲು ನಿಜಕ್ಕೂ ಅಂಗೈಯಂತಿತ್ತು. ಬಿಸಿಲು ಬಿದ್ದಿತ್ತು, ದೂರದಲ್ಲಿ ನದಿ ಉಂಡು ಮಲಗಿದ ಹಸುವಿನ ಹಾಗೆ ಸದ್ದಿಲ್ಲದೆ ಬಿದ್ದುಕೊಂಡಿತ್ತು. ಮುಖ್ಯ ಇಂಜಿನಿಯರರು ನೆಲವನ್ನು ಒದ್ದು ತೋರಿಸಿದರು. ಧೂಳೆದ್ದಿತು. “ಎಲ್ರೀ ನಿಮ್ಮ ನೀರು? ಕರೀರಿ ನೋಡೋಣ.”

ನೀರು ಬರುವ ಮೊದಲು ಬಂದವನು ಭಾವಮೈದ. ಕಲ್ಲುಕಂಬ ತುಂಬಿದ ಟ್ರ್ಯಾಕ್ಟರನ್ನು ಬಯಲಿಗೆ ಅಡ್ಡಡ್ಡ ಓಡಿಸಿಕೊಂಡು, “ಭಾವಾ! ಭಾವಾ!” ಎಂದು ಆಚೆ ದಡಕ್ಕೂ ಕೇಳುವ ಹಾಗೆ ಕೂಗುತ್ತಾ ಬಂದ. ಟ್ರ್ಯಾಕ್ಟರಿನ ಹಿಂದಿನ ಟ್ರೈಲರಿಗೆ ಹೊಸ ಬಣ್ಣದ ಬೋರ್ಡು ಆನಿಸಿತ್ತು: ‘ರಾಜಧಾನಿ ಬಡಾವಣೆ. ಬೇಗ ಬಂದವರಿಗೆ ಮೂಲೆ ಸೈಟು.’

ಮಂತ್ರಿಗಳು ಬೋರ್ಡು ಓದಿದರು. ಆಮೇಲೆ ರಸಮಟ್ಟನ ಮುಖ ಓದಿದರು.

“ಇವರು ನಿಮಗೆ?”

“ಹೆಂಡತಿಯ ತಮ್ಮ, ಸರ್.”

“ಭಾವ ಇಲ್ದಿದ್ರೆ ನಾನು ಈ ಕೆಲಸಕ್ಕೆ ಕೈ ಹಾಕ್ತಾನೇ ಇರ್ಲಿಲ್ಲ ಸರ್!” ಭಾವಮೈದ ಹೆಮ್ಮೆಯಿಂದ ಹೇಳಿದ. ರಸಮಟ್ಟ ಇವನಿಗೆ ಬೇಡ ಬೇಡ ಎಂದು ಬಡಿದುಕೊಂಡದ್ದೇ ಬಂತು. ಅಷ್ಟು ಬೇಡ ಅನ್ನುತ್ತಿದ್ದಾರೆಂದರೆ ಒಳಗೇನೋ ಲಾಭ ಇರಬೇಕು ಎಂದು ಅವನು ಆ ನೆಲ ಕೊಂಡಿದ್ದ. ಅದನ್ನು ವಿವರಿಸುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ.

ಮುಖ್ಯ ಇಂಜಿನಿಯರರ ಮುಖ ಹೂಬಿಟ್ಟ ಬಳ್ಳಿಯಂತೆ ಅರಳಿತು. “ಗೊತ್ತಾಯ್ತಾ ಸರ್? ಬಾಯಲ್ಲಿ ಮುಳುಗತ್ತೆ ಮುಳುಗತ್ತೆ. ಜನ ಹೆದರಿ ಬಿಟ್ಟುಕೊಟ್ರೆ ಮನೆಯವರ ಹೆಸರಲ್ಲಿ ಬಾಚ್ಕೊಳ್ಳೋದು. ಕಣ್ಣೀರು ಬೇರೆ!”

“ಸರ್, ಅದು ಬಿಸ್ಕತ್ತು...” ಎಂದು ರಸಮಟ್ಟ ಶುರು ಮಾಡಿ, ಇದು ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ ಎಂದು ನಿಲ್ಲಿಸಿದ. ಅವನಿಗೆ ಪಿತ್ತ ನೆತ್ತಿಗೇರಿತ್ತು. ಕಳ್ಳ ಎನ್ನಿಸಿಕೊಂಡ ಮೇಲೆ ಕಳೆದುಕೊಳ್ಳುವುದೇನಿದೆ? ಒಂದು ಮರದ ಹತ್ತಿರ ದರದರ ನಡೆದು ಮೇಲೆ ಕೈ ತೋರಿಸಿದ. “ಇಲ್ನೋಡಿ. ಕೊಂಬೇಲಿ ಹುಲ್ಲು, ಕಸ ಸಿಕ್ಕಿಹಾಕ್ಕೊಂಡಿದೆಯಲ್ಲ, ಅಲ್ಲೀತನಕ ಹೋದ ಮಳೆಗಾಲದಲ್ಲಿ ನೀರು ನಿಂತಿತ್ತು.”

“ಅದು ಹಕ್ಕಿಗೂಡು ಸರ್” ಎಂದರು ಮುಖ್ಯ ಇಂಜಿನಿಯರರು.

“ಎಲ್ಲಾ ಮರದಲ್ಲೂ ಒಂದೇ ಎತ್ತರಕ್ಕಾ?”

“ಒಗ್ಗಟ್ಟಿರೋ ಹಕ್ಕಿಗಳು.”

“ಆ ಗೂಡಲ್ಲಿ ಒಂದು ರಬ್ಬರ್ ಚಪ್ಪಲಿ ಇದೆ. ಹಕ್ಕಿ ಚಪ್ಪಲಿ ಹಾಕ್ಕೊಳ್ಳತ್ತೇನ್ರೀ?”

ಮೇಡಂ ಕನ್ನಡಕ ಏರಿಸಿ ಚಪ್ಪಲಿಯನ್ನು ನೋಡತೊಡಗಿದರು. ಮಂತ್ರಿಗಳು ಮಾತ್ರ ನದಿಯನ್ನೇ ದಿಟ್ಟಿಸುತ್ತಿದ್ದರು. “ಏನೇ ಹೇಳಿ, ನದಿ ಅಲ್ಲಾಡ್ತಾನೂ ಇಲ್ಲವಲ್ಲ.”

“ನದಿ ಕಡೆ ನೋಡಿ ಏನು ಪ್ರಯೋಜನ ಸರ್? ದಡ ಎತ್ತರ ಇದೆ, ಆ ಕಡೆಯಿಂದ ಬರಲ್ಲ. ನಾವು ಬಂದ ರಸ್ತೆ ಪಕ್ಕ ತಗ್ಗಿದೆಯಲ್ಲ, ನದಿ ಹಿಂದೆ ಹರೀತಿದ್ದ ಜಾಗ ಅದು. ನೀರು ಅಲ್ಲಿಂದ ಸುತ್ಕೊಂಡು ಬೆನ್ನ ಹಿಂದಿಂದ ಬರತ್ತೆ.”

“ಬೆನ್ನ ಹಿಂದಿಂದ!” ಮುಖ್ಯ ಇಂಜಿನಿಯರರು ಹೊಟ್ಟೆ ಹಿಡಿದು ನಕ್ಕರು. “ನೀರಿಗೆ ನಮ್ಮನ್ನ ಕಂಡ್ರೆ ನಾಚಿಕೆ ಅಂತ ಕಾಣತ್ತೆ.” ನಗುತ್ತಲೇ ಅವರು ಮಾದರಿಯನ್ನು ನೆಲದ ಮೇಲಿಟ್ಟು, ಎಲ್ಲಿ ಕಾರಂಜಿ, ಎಲ್ಲಿ ಮಂತ್ರಿಗಳ ಬಂಗಲೆ ಎಂದು ವಿವರಿಸತೊಡಗಿದರು. ಬಂಗಲೆಯ ಬಾಲ್ಕನಿ ಯಾವ ದಿಕ್ಕಿಗಿರಬೇಕು ಎಂಬ ಚರ್ಚೆ ರಂಗೇರಿತು. ಭಾವಮೈದನೂ ತನ್ನ ಸಲಹೆ ಕೊಟ್ಟ. ಮೇಡಂ ಮರದಿಂದ ಮರಕ್ಕೆ ಹೋಗಿ ಗೂಡು ಎಣಿಸುತ್ತಿದ್ದರು.

ಬಂಗಲೆಗೆ ಮೂರನೇ ಬಾಲ್ಕನಿ ಬೇಕೇ ಬೇಡವೇ ಎನ್ನುವಾಗ ಮಂತ್ರಿಗಳ ಬೂಟಿನೊಳಗೆ ತಣ್ಣಗಾಯಿತು.

ಕೆಳಗೆ ನೋಡಿದರು. ಎಲ್ಲರೂ ನೋಡಿದರು. ಸದ್ದಿಲ್ಲ ಗದ್ದಲವಿಲ್ಲ, ಸಾಲ ಕೇಳಲು ಬಂದ ನೆಂಟನ ಹಾಗೆ ನೀರು ಮೆಲ್ಲಗೆ ಒಳಗೆ ಬಂದು ಕೂತಿತ್ತು. ಹಿಂದೆ ತಿರುಗಿದರೆ ರಸ್ತೆಯ ಪಕ್ಕದ ತಗ್ಗು ಕಾಣಲಿಲ್ಲ. ಅಲ್ಲೊಂದು ಎರಡನೇ ನದಿ ಕೆಂಪಗೆ ಹರಿಯುತ್ತಿತ್ತು. ನಡುವೆ ನಿಂತ ವ್ಯಾನಿನ ಬಾಗಿಲ ಹಿಡಿಕೆಯವರೆಗೂ ನೀರೇರಿತ್ತು. ಚಾಲಕ ಚಾವಣಿ ಹತ್ತಿ ಕೂತು ಕೈ ಬೀಸುತ್ತಿದ್ದ. ದೂರದ ಬೆಟ್ಟಸಾಲು ಮೋಡದಲ್ಲಿ ಮುಚ್ಚಿಹೋಗಿತ್ತು.

“ನನ್ನ ವಿಧಾನಸಭೆ!” ಮುಖ್ಯ ಇಂಜಿನಿಯರರು ಚೀರಿದರು.

ಥರ್ಮೊಕೋಲಿನ ರಾಜಧಾನಿ ಎದ್ದು ತೇಲಿತ್ತು. ಮೊದಲು ಕಾರಂಜಿ ಕಳಚಿಕೊಂಡಿತು, ಆಮೇಲೆ ಬಂಗಲೆಗಳು ಸಾಲಾಗಿ ಹೊರಟವು, ಹಿಂದಿನಿಂದ ವಿಧಾನಸಭೆ ಗಂಭೀರವಾಗಿ ತಿರುಗುತ್ತಾ ಹಿಂಬಾಲಿಸಿತು. ಮುಖ್ಯ ಇಂಜಿನಿಯರರು ಪ್ಯಾಂಟು ಎತ್ತಿಕೊಂಡು ಅದರ ಹಿಂದೆ ಓಡಿದರು, ಎಡವಿದರು, ಗುಮ್ಮಟವೊಂದನ್ನು ಹಿಡಿದುಕೊಂಡು ಎದ್ದರು. ಅವರನ್ನು ಕಾಲರು ಹಿಡಿದು ಟ್ರೈಲರಿಗೆ ಎಳೆದುಹಾಕಿದವನು ಭಾವಮೈದ. ಕಲ್ಲುಕಂಬಗಳನ್ನು ಕೆಳಗೆ ಉರುಳಿಸಿ ಅವನು ಎಲ್ಲರನ್ನೂ ಹತ್ತಿಸಿಕೊಂಡ. ವ್ಯಾನಿನ ಚಾಲಕನನ್ನೂ ಚಾವಣಿಯಿಂದ ಇಳಿಸಿಕೊಂಡ. ಟ್ರ್ಯಾಕ್ಟರು ಕೆಮ್ಮುತ್ತಾ, ಹೊಗೆ ಉಗುಳುತ್ತಾ ತಗ್ಗು ದಾಟಿ ರಸ್ತೆ ಹತ್ತಿತು. ಹತ್ತಿದ ಕೂಡಲೇ ಇಲ್ಲೂ ಮಳೆ ಶುರುವಾಯಿತು, ಅಷ್ಟು ಹೊತ್ತು ಯಾರದೋ ಅಪ್ಪಣೆಗೆ ಕಾದಿದ್ದ ಹಾಗೆ.

ನೆನೆದು ತೊಪ್ಪೆಯಾಗಿ, ಚಳಿಗೆ ಹಲ್ಲು ಕಟಕಟಿಸುತ್ತಿದ್ದರೂ ರಸಮಟ್ಟನ ಎದೆಯೊಳಗೆ ಬೆಚ್ಚಗಿತ್ತು. ಗೆದ್ದಿದ್ದ. ಇನ್ನು ಗುಡ್ಡವೇ ಗಟ್ಟಿ. ಯಾರಾದರೂ ಒಬ್ಬರು ‘ನೀವು ಹೇಳಿದ್ದು ಸರಿ’ ಎಂದಾರೇ ಎಂದು ಒಂದೊಂದೇ ಮುಖ ನೋಡಿದ. ಮಂತ್ರಿಗಳು ಬೂಟು ಬಗ್ಗಿಸಿ ನೀರು ಚೆಲ್ಲುತ್ತಿದ್ದರು. ಮೇಡಂ ಸೀನುತ್ತಿದ್ದರು. ಮುಖ್ಯ ಇಂಜಿನಿಯರರು ಗುಮ್ಮಟವನ್ನು ತಲೆಯ ಮೇಲೆ ಹಿಡಿದಿದ್ದರು.

“ಎಲ್ಲಿಗಪ್ಪಾ ಕರ್ಕೊಂಡು ಹೋಗ್ತಿದ್ದೀಯ?” ಎಂದು ಮಂತ್ರಿಗಳು ಕೂಗಿದರು.

“ಅಕ್ಕನ ಮನೆಗೆ ಸರ್! ಇಲ್ಲೇ ಹತ್ತಿರ. ಬಿಸಿ ಬಿಸಿ ಚಹಾ ಸಿಗತ್ತೆ.”

ಬಾಗಿಲು ತೆಗೆದ ಹೆಂಡತಿ ಮೊದಲು ಕಂಡದ್ದು ಕೆಸರಿನ ಮುದ್ದೆಯಂತಿದ್ದ ಗಂಡನನ್ನು. “ಹೇಳ್ಬಿಟ್ರಾ? ನನ್ನ ತಮ್ಮನ ಬಾಳಿಗೆ...” ಎನ್ನುವಷ್ಟರಲ್ಲಿ ಹಿಂದೆ ನಿಂತವರು ಮಂತ್ರಿಗಳು ಎಂದು ತಿಳಿದು, ಅದೇ ಉಸಿರಿನಲ್ಲಿ “ಬನ್ನಿ, ಬನ್ನಿ, ಒಳಗೆ ಬನ್ನಿ” ಎಂದಳು. ಮನೆಯಲ್ಲಿದ್ದ ಟವೆಲುಗಳೆಲ್ಲ ಹೊರಬಂದವು. ಮಂತ್ರಿಗಳಿಗೆ ರಸಮಟ್ಟನ ಪಟ್ಟೆ ಪೈಜಾಮ, ಮುಖ್ಯ ಇಂಜಿನಿಯರರಿಗೆ ಅವನ ಮದುವೆಯ ಕಾಲದ ಅಂಗಿ. ಗುಂಡಿ ಹಾಕಿದರೆ ಉಸಿರಾಡುವಂತಿಲ್ಲ, ಉಸಿರಾಡಿದರೆ ಗುಂಡಿ ಇರುವಂತಿಲ್ಲ. ಮೇಡಂ ಹೆಂಡತಿಯ ಬಟ್ಟೆ ತೊಟ್ಟು ಒಲೆಯ ಮುಂದೆ ಕೂತರು.

ಚಹಾ ಬರುವ ಮೊದಲೇ ಬೀದಿ ಬಂದಿತ್ತು. ಕಿಟಕಿಯ ಸರಳಿಗೊಂದು ಮುಖ. ಮೇಷ್ಟ್ರು ಕಿಟಕಿಯವರೆಗೆ ಬಂದು ನಿಲ್ಲುವ ಜಾತಿಯವರಲ್ಲ; ನೇರ ನಡುಮನೆಗೆ ಬಂದು ಮಂತ್ರಿಗಳ ಎದುರಿನ ಕುರ್ಚಿಯಲ್ಲಿ ಕೂತರು.

ಮಂತ್ರಿಗಳು ಎರಡು ಗುಟುಕು ಕುಡಿದು, ಕಿಟಕಿಯ ಹೊರಗೆ ನೋಡಿ, ಮೂರನೇ ಗುಟುಕನ್ನು ಅಲ್ಲೇ ತಡೆದರು. “ಅಲ್ಲ, ಮಳೆ ಈ ಪರಿ ಹುಯ್ತಾ ಇದೆ. ನಿಮ್ಮ ಅಂಗಳದಲ್ಲಿ ಒಂದು ಹನಿ ನಿಂತಿಲ್ಲವಲ್ಲ?”

“ನಿಲ್ಲಲ್ಲ ಸರ್” ಎಂದ ರಸಮಟ್ಟ.

“ಯಾಕೆ?”

ಯಾಕೆ! ಇಷ್ಟು ವರ್ಷದ ನೌಕರಿಯಲ್ಲಿ ಅವನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ‘ಸಾಕು’ ಎಂದಿದ್ದರು, ‘ಆಮೇಲೆ’ ಎಂದಿದ್ದರು, ‘ಬಾಯಿ ಬಿಡಬೇಡಿ’ ಎಂದಿದ್ದರು. ‘ಯಾಕೆ’ ಎಂದು ಕೇಳಿ ಉತ್ತರಕ್ಕೆ ಕಾಯುತ್ತಾ ಕೂತವರು ಇವರೇ ಮೊದಲಿಗರು. ಅಣೆಕಟ್ಟಿನ ಬಾಗಿಲು ಎತ್ತಿದಂತಾಯಿತು.

“ಇಲ್ಲಿ ನೆಲ ಎರಡೂ ಕಡೆ ಇಳೀತಾ ಹೋಗತ್ತೆ ಸರ್, ಕಣ್ಣಿಗೆ ಕಾಣದಷ್ಟು. ನೀರಿಗೆ ನಿಲ್ಲೋ ಪುರುಸೊತ್ತೇ ಇಲ್ಲ. ಮೇಲೆ ನಾಲ್ಕು ಅಡಿ ಮಣ್ಣು, ಕೆಳಗೆ ಗಟ್ಟಿ ಗರಸು. ಪಾಯಕ್ಕೆ ಕಂಬ ಇಳಿಸೋದೂ ಬೇಡ, ಬಂಡೆ ಸಿಡಿಸೋದೂ ಬೇಡ. ಗುದ್ದಲೀಲೇ ಆಗತ್ತೆ. ಈ ಜಾಗ ಹುಡುಕೋಕೆ ನಾನು ಊರೆಲ್ಲ ಅಳೆದಿದ್ದೆ. ಜನ ನಕ್ಕರು, ಊರಾಚೆ ಯಾರು ಮನೆ ಕಟ್ತಾರೆ ಅಂತ. ನೋಡಿ ಈಗ!” ಅವನು ಚೀಲದಿಂದ ಆ ಪಟ್ಟಿಯನ್ನು ತೆಗೆದು ಮಂತ್ರಿಗಳ ಕಾಲ ಬಳಿ ನೆಲದ ಮೇಲಿಟ್ಟ. ಗುಳ್ಳೆ ನಟ್ಟನಡುವೆ ಬಂದು ನಿಂತಿತು. ಪಟ್ಟೆ ಪೈಜಾಮದ ಮಂತ್ರಿಗಳು ಮೊಣಕಾಲೂರಿ ಬಗ್ಗಿ ನೋಡಿದರು. “ಗೋಡೇಲಿ ಒಂದು ಕೂದಲೆಳೆ ಬಿರುಕಿದ್ರೆ ತೋರಿಸಿ ಸರ್.”

ಮೇಷ್ಟ್ರು ಸುಮ್ಮನಿರುತ್ತಾರೆಯೇ? “ಬಾವಿ ನೀರಂತೂ ಸಕ್ಕರೆ ಸರ್. ಬೇಸಿಗೇಲೂ ಬತ್ತಲ್ಲ. ನಮ್ಮ ಮನೆ ಕಟ್ಟಿದಾಗ ಪಾಯದ ಖರ್ಚು ಇಷ್ಟೇನಾ ಅಂತ ಗುತ್ತಿಗೆದಾರನೇ ಅತ್ತುಬಿಟ್ಟ.”

“ಗಾಳಿ ಹೇಳಿ ಮೇಷ್ಟ್ರೇ, ಗಾಳಿ!” ಎಂದು ಕಿಟಕಿಯಿಂದ ಒಂದು ದನಿ.

“ಹೆದ್ದಾರಿ ಎರಡೇ ಹೆಜ್ಜೆ!” ಎಂದು ಇನ್ನೊಂದು.

“ಹಿಂದೆ ಕಣ್ಣು ಹಾಯೋವರೆಗೂ ಬಯಲು ಸರ್, ಮಕ್ಕಳು ಆಡ್ಕೋತಾವೆ” ಎಂದು ಹೆಂಡತಿಯೂ ಸೇರಿಸಿದಳು. ಮಂತ್ರಿಗಳು ಮನೆಗೆ ಬಂದಾಗ ಬೀದಿಯ ಮಾನ ಕಾಯದಿದ್ದರೆ ಹೇಗೆ ಎಂಬಂತೆ ಎಲ್ಲರೂ ಪೈಪೋಟಿಗೆ ಬಿದ್ದರು. ಮೇಡಂ ಒಲೆಯ ಮುಂದಿನಿಂದ ಎದ್ದು ಬಂದು, “ಗರಸು ಎಷ್ಟು ದೂರದ ತನಕ ಇದೆ?” ಎಂದು ಕೇಳಿದರು. ರಸಮಟ್ಟ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೇ ತೋರಿಸಿದ. ಅವನ ಕಿವಿ ಕೆಂಪಾಗಿತ್ತು. ಇಷ್ಟು ಅಚ್ಚುಕಟ್ಟಾಗಿ ಕೇಳುವವರಿಗೆ ಗುಡ್ಡದ ವಿಷಯವನ್ನು ಹತ್ತು ಮಾತಿನಲ್ಲಿ ಒಪ್ಪಿಸಿಬಿಡಬಹುದು ಎಂದು ಮನಸ್ಸಿನಲ್ಲೇ ಪೀಠಿಕೆ ಸಿದ್ಧಮಾಡಿಕೊಂಡ.

ಮಂತ್ರಿಗಳು ಎದ್ದು ಅವನ ಭುಜದ ಮೇಲೆ ಕೈಯಿಟ್ಟರು. “ನಿಮ್ಮ ಮೇಲೆ ನಾನು ಅನುಮಾನಪಟ್ಟೆ. ತಪ್ಪಾಯ್ತು. ನೀವು ಹೇಳಿದ್ದು ಅಕ್ಷರ ಅಕ್ಷರ ಸರಿ.”

ರಸಮಟ್ಟನ ಕಣ್ಣು ತುಂಬಿತು. ಈ ಸಲ ಬಿಸ್ಕತ್ತಿನ ಹಂಗಿಲ್ಲದೆ.

“ನದಿಬಯಲು ಮುಳುಗತ್ತೆ. ಅದು ಬೇಡ. ಗುಡ್ಡ ನಮ್ಮ ಬೊಕ್ಕಸಾನೇ ನುಂಗತ್ತೆ. ಅದೂ ಬೇಡ” ಎಂದರು ಮಂತ್ರಿಗಳು.

“ಗುಡ್ಡ ಬೇಡ್ವಾ ಸರ್?” ರಸಮಟ್ಟ ಗಲಿಬಿಲಿಗೊಂಡ. “ಮತ್ತೆ... ಎಲ್ಲಿ?”

“ಎಲ್ಲಿ ಅಂತೀರಲ್ರೀ! ನೀರು ನಿಲ್ಲಲ್ಲ, ಪಾಯಕ್ಕೆ ಖರ್ಚಿಲ್ಲ, ಬಾವಿ ಸಿಹಿ, ಹೆದ್ದಾರಿ ಹತ್ತಿರ, ಹಿಂದೆ ಬಯಲು. ನದಿ ನದಿ, ಗುಡ್ಡ ಗುಡ್ಡ ಅಂತ ವರ್ಷಗಟ್ಟಲೆ ಅಲೆದ್ವಿ. ಒಬ್ರಾದ್ರೂ ಮಾಮೂಲಿ ನೆಲ ನೋಡೋಣ ಅಂದ್ರಾ? ಇಲ್ಲೇ! ಈ ಬೀದೀಲೇ ರಾಜಧಾನಿ.”

ಮೇಡಂ ಆಗಲೇ ಕ್ಯಾಲೆಂಡರಿನ ಮೇಲೆ ಗೆರೆ ಎಳೆಯುತ್ತಿದ್ದರು. “ವಿಧಾನಸಭೆ ಇಲ್ಲಿಗೆ ಬಂದ್ರೆ ನೆಲ ಸಮ ಮಾಡೋ ಖರ್ಚೂ ಉಳಿಯತ್ತೆ” ಎಂದು ಅವರು ಚುಕ್ಕೆಯಿಟ್ಟದ್ದು ರಸಮಟ್ಟನ ಅಡುಗೆಮನೆಯ ಮೇಲೆ.

“ಸರ್, ಇಲ್ಲಿ ನಾವು ಇದ್ದೀವಲ್ಲ” ಎಂದ ಅವನು.

“ಅದಕ್ಕೆ ಯೋಚನೆ ಮಾಡ್ಬೇಡಿ. ಬಿಟ್ಟುಕೊಟ್ಟೋರಿಗೆಲ್ಲ ಬದಲಿ ಸೈಟು ಕೊಡ್ತೀವಿ. ಸರ್ಕಾರಕ್ಕೆ ಜಾಗಕ್ಕೇನು ಬರ? ನದಿಬಯಲು ಹೇಗೂ ಖಾಲಿ ಬಿದ್ದಿದೆ.”

“ಅದು ಮುಳುಗತ್ತೆ ಸರ್! ಈಗ ತಾನೇ ನೋಡಿದ್ವಲ್ಲ!”

“ನೋಡಿದ್ವಿ. ರಾಜಧಾನಿಗೆ ಸುತರಾಂ ಆಗಲ್ಲ. ಮನೆಗಾದ್ರೆ ಹೇಗೋ ನಡೆಯತ್ತೆ.”

“ಏರಿ ಆದ್ರೂ ಹಾಕ್ತೀರಾ?”

“ಏರಿ ರಾಜಧಾನಿಯ ಬಾಬ್ತು” ಎಂದರು ಮೇಡಂ, ತಲೆಯೆತ್ತದೆ. “ಮನೆ ಸೈಟಿಗೆ ಬರಲ್ಲ.”

ಮುಖ್ಯ ಇಂಜಿನಿಯರರು ಅಂದು ಮೊದಲ ಬಾರಿಗೆ ರಸಮಟ್ಟನ ಕೈ ಹಿಡಿದು ಕುಲುಕಿದರು. ಆ ರಭಸಕ್ಕೆ ಮದುವೆಯ ಅಂಗಿಯ ಉಳಿದೊಂದು ಗುಂಡಿಯೂ ಹಾರಿಹೋಯಿತು. “ಅಡುಗೆಮನೆ ಮೊದಲು ಒಡೀಬೇಕಾಗತ್ತೆ. ಆ ಕೆಲಸದ ಉಸ್ತುವಾರಿ ನಿಮಗೇ ಕೊಡಿಸ್ತೀನಿ. ಅಂತೂ ಬಡ್ತಿ ಬಂತಲ್ರೀ!”

ಕಾರುಗಳು ಬಂದು ಅವರನ್ನೆಲ್ಲ ಕರೆದುಕೊಂಡು ಹೋದವು, ಪಟ್ಟೆ ಪೈಜಾಮವನ್ನೂ. ರಸಮಟ್ಟ ಮೆಟ್ಟಿಲ ಮೇಲೆ ಕೂತ. ಬೀದಿಯವರು ಅಂಗಳದಲ್ಲಿ ಅರ್ಧಚಂದ್ರದ ಹಾಗೆ ನಿಂತು ಅವನನ್ನೇ ನೋಡುತ್ತಿದ್ದರು. ಗಾಳಿಯನ್ನು ಹೊಗಳಿದವರಿಗೂ ಹೆದ್ದಾರಿಯನ್ನು ಹೊಗಳಿದವರಿಗೂ ಈಗ ತಾವು ಬಾಯಿ ತೆರೆದದ್ದೇ ನೆನಪಿರಲಿಲ್ಲ. “ಬಾಯಿ ಬಿಡಬೇಡಿ ಅಂತ ಬಡ್ಕೊಂಡೆ” ಎಂದು ಒಳಗಿನಿಂದ ಹೆಂಡತಿಯ ದನಿಯೂ, ಪಾತ್ರೆ ಕುಕ್ಕಿದ ಸದ್ದೂ ಬಂತು.

ಒಬ್ಬನ ಮುಖ ಮಾತ್ರ ಹುಣ್ಣಿಮೆಯಾಗಿತ್ತು. “ಭಾವಾ, ಒಳ್ಳೇದೇ ಆಯ್ತು ಬಿಡಿ” ಎಂದ ಭಾವಮೈದ. “ಇಷ್ಟೂ ಜನ ಬಯಲಿಗೆ ಬಂದ್ರೆ ನನ್ನ ಬಡಾವಣೆಗೂ ಕಳೆ ಬರತ್ತೆ. ನೀವು ನನ್ನ ಪಕ್ಕದ ಸೈಟೇ ಕೇಳಿ. ಬೋರ್ಡಲ್ಲಿ ‘ರಾಜಧಾನಿ’ ಅಳಿಸಿ ‘ಬದಲಿ’ ಅಂತ ಬರೆದ್ರೆ ಸಾಕು.”

ಮೇಷ್ಟ್ರು ಬಂದು ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತರು. ಆಮೇಲೆ ಕೆಮ್ಮಿ, ಬಹಳ ಮರ್ಯಾದೆಯಿಂದ ಕೇಳಿದರು: “ಇಂಜಿನಿಯರ್ರೇ, ಆಗಿದ್ದಾಯ್ತು. ಆ ಬಯಲಲ್ಲಿ ಮನೆ ಕಟ್ಟೋದಾದ್ರೆ ಪಾಯ ಎಷ್ಟು ಎತ್ತರಕ್ಕಿಡ್ಬೇಕು?”

“ಪಾಯ ಯಾಕೆ ಮೇಷ್ಟ್ರೇ?” ರಸಮಟ್ಟ ಹಲ್ಲು ಕಡಿದು ಹೇಳಿದ. “ಮನೆ ಬದಲು ದೋಣಿ ಕಟ್ಟಿ.”

ಮೇಷ್ಟ್ರು ಗಲ್ಲ ಕೆರೆದುಕೊಂಡು ಗಂಭೀರವಾಗಿ ಯೋಚಿಸಿದರು.

“ಆಗಬಹುದು. ಎರಡು ರೂಮು, ಒಂದು ಅಡುಗೆಮನೆ ಬರೋ ಹಾಗೆ ನಕ್ಷೆ ನೀವೇ ಹಾಕ್ಕೊಡಿ.”